ಬೊರ್ಯೊಂಗಮ್ಮನ ಮೇಕೆ ಮತ್ತು ನಾಲ್ಕು ಕೋಟಿ ಜನ

ಸೊಟ್ಗೋಲ್ ಊರಿನಲ್ಲಿ ಇರುವುದು ಮೂವತ್ತೆಂಟು ಮನೆ, ಮೂರು ಗುಡ್ಡ, ಒಂದು ಮೈಕು. ಮನೆಗಳು ಅವರವರದು, ಗುಡ್ಡಗಳು ಸರ್ಕಾರದ್ದು. ಮೈಕು ಮಾತ್ರ ಊರ ಯಜಮಾನ ಮೇಂಗ್ ಚಿಸೊಂಗ್‌ನದು. ಎರಡು ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಊರ ಭವನದ ಬೆಚ್ಚನೆಯ ನೆಲದ ಮೇಲೆ ಎಲ್ಲರೂ ಕೂತು, "ಈ ಸಲ ಬೇರೆ ಯಾರಾದ್ರೂ ಯಜಮಾನ್ರಾಗ್ತೀರಾ?" ಎಂದು ಒಬ್ಬರು ಕೇಳುವುದು, ಉಳಿದವರು ತಮ್ಮ ತಮ್ಮ ಕಾಲುಚೀಲ ನೋಡಿಕೊಳ್ಳುವುದು, ಚಿಸೊಂಗ್ "ನೀವೆಲ್ಲ ಇಷ್ಟೊಂದು ಒತ್ತಾಯ ಮಾಡಿದ ಮೇಲೆ…" ಎನ್ನುತ್ತ ಎದ್ದು ನಿಲ್ಲುವುದು. ಇದಕ್ಕೆ ಅಲ್ಲಿ ಚುನಾವಣೆ ಎಂದು ಹೆಸರು. ಇಂಥ ಆರು ಚುನಾವಣೆಗಳನ್ನು ಆತ ಗೆದ್ದಿದ್ದ.

ಯಜಮಾನಿಕೆಯಿಂದ ಬೇರೆ ಸುಖವೇನೂ ಇರಲಿಲ್ಲ. ಗೊಬ್ಬರದ ಅರ್ಜಿ ತುಂಬಬೇಕು, ಮುದುಕರನ್ನು ಸೂಜಿ ಹಾಕಿಸಲು ಕರೆದೊಯ್ಯಬೇಕು, ಎಲ್ಲರ ಕೈಲೂ ಬೈಸಿಕೊಳ್ಳಬೇಕು. ಆದರೆ ಬೆಳಿಗ್ಗೆ ಆರೂವರೆಗೆ ಭವನದ ಬಾಗಿಲು ತೆರೆದು, ಹಳೆಯ ವಿರಹಗೀತೆಯೊಂದನ್ನು ಅರ್ಧ ಹಾಕಿ, ನಾಯಕಿ ರೈಲು ಹತ್ತುವ ಮೊದಲೇ ಅದನ್ನು ಕತ್ತರಿಸಿ, "ಆ… ಆ… ಸೊಟ್ಗೋಲ್ ನಿವಾಸಿಗಳ ಗಮನಕ್ಕೆ" ಎಂದಾಗ ಆ ಮಾತು ಮೂರು ಗುಡ್ಡಕ್ಕೆ ಬಡಿದು ಮೂರು ಸಲ ವಾಪಸ್ಸು ಬರುತ್ತಿತ್ತಲ್ಲ, ಆ ಹೊತ್ತಿಗಾಗಿ ಆತ ಬದುಕಿದ್ದ. ಮನೆಯಲ್ಲಿ ಒಂದು ಸಲವೂ ಕೇಳಿಸದ ಮಾತು ಊರಿನಲ್ಲಿ ನಾಲ್ಕು ಸಲ ಕೇಳಿಸುತ್ತದೆ ಎಂದರೆ ಯಾವ ಗಂಡಸು ತಾನೇ ಬಿಟ್ಟಾನು?

ಆ ವರ್ಷದ ನವೆಂಬರಿನಲ್ಲಿ, ಊರಿಗೆ ಊರೇ ಚಳಿಗಾಲಕ್ಕೆಂದು ಎಲೆಕೋಸಿನ ಉಪ್ಪಿನಕಾಯಿ, ಅಂದರೆ ಕಿಮ್ಚಿ, ಹಾಕಲು ಸಜ್ಜಾಗಿದ್ದ ವಾರ, ದಟ್ಟ ಮಂಜು ಬಿದ್ದಿತ್ತು. ಚಿಸೊಂಗ್ ಭವನದ ಬೀಗ ತೆಗೆಯುತ್ತಿದ್ದಾಗ ಹಿತ್ತಲಿನಲ್ಲಿ ಕರಕರ ಸದ್ದು ಕೇಳಿಸಿತು. ಅಲ್ಲಿ ಊರ ಹೆಂಗಸರೆಲ್ಲ ಸೇರಿ ಬೆಳೆಸಿದ ಎಲೆಕೋಸಿನ ಮಡಿ ಇತ್ತು. ಮಂಜಿನಲ್ಲಿ ಇಣುಕಿ ನೋಡಿದರೆ ಕಂಡದ್ದು ಒಂದು ಕಪ್ಪು ಹಿಂಭಾಗ, ಅದರ ಮೇಲೊಂದು ಕುಣಿಯುವ ಬಾಲ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಈ ಪ್ರಾಣಿ ಮುಟ್ಟುವ ಹಂತ ದಾಟಿ ಮೂರನೇ ಸಾಲಿಗೆ ಬಂದಿತ್ತು.

ಬೇರೆಯವನಾಗಿದ್ದರೆ ಕೋಲು ತೆಗೆದುಕೊಳ್ಳುತ್ತಿದ್ದ. ಚಿಸೊಂಗ್ ಮೈಕು ತೆಗೆದುಕೊಂಡ.

"ಆ… ಆ… ಬೊರ್ಯೊಂಗಮ್ಮನವರೇ… ನಿಮ್ಮ ಕರಿ ಮೇಕೆ… ಒಳಗೆ ನುಗ್ಗಿದೆ… ಎಲ್ಲವನ್ನೂ ತಿಂದು ಮುಗಿಸುತ್ತಿದೆ… ಬೇಗ ಬನ್ನಿ…"

ಬೊರ್ಯೊಂಗಮ್ಮ ಎಂದರೆ ಬೊರ್ಯೊಂಗ್ ಕಡೆಯಿಂದ ಅರವತ್ತು ವರ್ಷದ ಹಿಂದೆ ಸೊಸೆಯಾಗಿ ಬಂದ ಮುದುಕಿ. ವಯಸ್ಸು ಎಂಬತ್ತೊಂದು. ಊರಿನಲ್ಲಿ ಕರಿ ಮೇಕೆ ಇದ್ದದ್ದು ಎರಡೇ ಮನೆಯಲ್ಲಿ, ಒಂದು ಆಕೆಯದು. ಇನ್ನೊಂದು ಯಾರದ್ದೆಂದು ಮೈಕಿನ ಭರದಲ್ಲಿ ಚಿಸೊಂಗ್‌ಗೆ ನೆನಪಾಗಲಿಲ್ಲ. ಪ್ರಕಟಣೆ ಮುಗಿಸಿ ಹಿತ್ತಿಲಿಗೆ ಹೋದಾಗ ಪ್ರಾಣಿ ತಲೆಯೆತ್ತಿ ಈತನ ಮುಖ ನೋಡಿ ಸಂತೋಷದಿಂದ ಬ್ಯಾ ಎಂದಿತು. ಅದು ಆತನದೇ ಕೊಂಗಿ. ಹೆಂಡತಿ ಮ್ಯೊಂಗ್‌ಸುಕ್‌ಳ ಮಂಡಿನೋವಿಗೆ ಕಷಾಯ ಮಾಡಿಸಲೆಂದು ತಂದದ್ದು. ಆಕೆ ಅದಕ್ಕೆ ಹೆಸರಿಟ್ಟು, ಗಂಟೆ ಕಟ್ಟಿ, ಪೇರುಹಣ್ಣಿನ ಸಿಪ್ಪೆ ತಿನ್ನಿಸಿ, "ಮಂಡಿ ನೋಯ್ಲಿ ಬಿಡಿ" ಎಂದು ತೀರ್ಮಾನಿಸಿಬಿಟ್ಟಿದ್ದಳು.

ಚಿಸೊಂಗ್ ಕೊಂಗಿಯನ್ನು ಹಿಂದಿನ ದಾರಿಯಿಂದ ಮನೆಗೆ ಸಾಗಹಾಕಿ ಬರುವಷ್ಟರಲ್ಲಿ ಬೊರ್ಯೊಂಗಮ್ಮ ಭವನದ ಮುಂದೆ ನಿಂತಿದ್ದಳು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಆಕೆಯ ಮೇಕೆ.

"ಇದು ಕೊಟ್ಟಿಗೇಲಿತ್ತು. ಕಣ್ಣು ಪೂರ್ತಿ ಬಿಟ್ಟಿರ್ಲಿಲ್ಲ," ಎಂದಳು.

"ಹಾಗಾದ್ರೆ… ಅದು ಕಾಡುಮೇಕೆ ಇರ್ಬೇಕಮ್ಮ."

"ಗಂಟೆ ಸದ್ದು ಕೇಳಿಸ್ತಂತಲ್ಲಾ?"

"ಈಗಿನ ಕಾಡುಮೇಕೆಗಳು…" ಎಂದು ಶುರು ಮಾಡಿದ ಚಿಸೊಂಗ್‌ಗೆ ವಾಕ್ಯವನ್ನು ಎಲ್ಲಿಗೆ ಒಯ್ಯಬೇಕೋ ತಿಳಿಯಲಿಲ್ಲ.

ಸೊಟ್ಗೋಲ್ ಇರುವ ಚುಂಗ್‌ಚೊಂಗ್ ಸೀಮೆಯವರು ನೇರವಾಗಿ ಮಾತಾಡುವುದು ಮನೆಗೆ ಬೆಂಕಿ ಬಿದ್ದಾಗ ಮಾತ್ರ. ಆಗಲೂ "ಇವತ್ಯಾಕೋ ಸ್ವಲ್ಪ ಬೆಚ್ಚಗಿದೆಯಲ್ಲಾ" ಎಂದೇ ಶುರು ಮಾಡುವುದುಂಟು. ಬೊರ್ಯೊಂಗಮ್ಮ ಮೇಕೆಯನ್ನು ಎಳೆದುಕೊಂಡು ಮನೆಗೆ ಹೋದಳು. ಅಂದಿನಿಂದ ಭವನದಲ್ಲಿ ಊರವರು ಒಟ್ಟಿಗೆ ಮಾಡುವ ಮಧ್ಯಾಹ್ನದ ಊಟಕ್ಕೆ ಚಿಸೊಂಗ್‌ಗೆ ಬೆನ್ನು ಹಾಕಿ ಕೂರತೊಡಗಿದಳು. ತಪ್ಪಾಯಿತು ಎಂದು ಮೈಕಿನಲ್ಲಿ ಹೇಳಲು ಆತನಿಗೆ ನಾಲಿಗೆ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಮೈಕು ಒಂದೇ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಒಮ್ಮೆ ತೆಗೆದುಕೊಂಡರೆ ನಾಳೆ ಗೊಬ್ಬರದ ತಾರೀಕನ್ನು ಯಾರು ನಂಬುತ್ತಾರೆ?

ಅದೇ ದಿನ ಮಧ್ಯಾಹ್ನ ಯೂ ಹ್ಯೊನ್ಸೊಪ್ ಎಂಬ ಸಪೂರ ಮನುಷ್ಯ ಭವನಕ್ಕೆ ಬಂದ. ರಾಜಧಾನಿಯ ಕಡೆ ವಿಡಿಯೋ ಗೇಮ್ ತಯಾರಿಸುವ ಕಂಪನಿಯೊಂದರಲ್ಲಿ ಸದ್ದು ಹಿಡಿಯುವ ಕೆಲಸ. ಬೆಳಗಿನ ಜಾವದಿಂದ ಗುಡ್ಡದ ಮೇಲೆ ಗಾಳಿ, ಕಾಗೆ, ತೊರೆಯ ಸದ್ದು ಹಿಡಿಯುತ್ತಿದ್ದನಂತೆ.

"ನಿಮ್ಮ ದನಿಯೂ ಬಿದ್ದಿದೆ ಸಾರ್. ಅದನ್ನ ಬಳಸ್ಕೋಬಹುದಾ?"

ಹನ್ನೊಂದು ವರ್ಷದಲ್ಲಿ ಆತನ ದನಿಯನ್ನು ಯಾರಾದರೂ ಬೇಕು ಎಂದದ್ದು ಅದೇ ಮೊದಲು. ಚಿಸೊಂಗ್ ಕನ್ನಡಕವಿಲ್ಲದೆಯೇ ಕಾಗದ ಓದಿದಂತೆ ಮಾಡಿ ಮೊಹರು ಒತ್ತಿದ.

ಏಪ್ರಿಲಿನಲ್ಲಿ ಹೋಬಳಿ ಕಚೇರಿಯಿಂದ ಗುಮಾಸ್ತೆ ತಾಕ್ ಯೂರಿ ಫೋನು ಮಾಡಿದಳು. ಸರ್ಕಾರಿ ನೌಕರಳಾದರೂ ಆಕೆ 'ಯೊಲ್ಸೆ' ಎಂಬ ಐದು ಹುಡುಗಿಯರ ಹಾಡಿನ ತಂಡದ ಪರಮಭಕ್ತೆ. ಮೇಜಿನ ಮೇಲೆ ಸರ್ಕಾರದ ಕಡತಗಳಿಗಿಂತ ಆ ಹುಡುಗಿಯರ ಚಿತ್ರಗಳೇ ನೀಟಾಗಿದ್ದವು.

"ಯಜಮಾನ್ರೇ, ಬೇಗ ಬನ್ನಿ! ಯೊಲ್ಸೆಯ ಹೊಸ ಹಾಡು ಬಂದಿದೆ, 'ಮಂಜಿನ ಕೋಟೆ' ಅನ್ನೋ ಗೇಮ್‌ಗೆ. ಅದ್ರಲ್ಲಿ ನೀವಿದ್ದೀರಿ!"

ಚಿಸೊಂಗ್ ಕಚೇರಿಯ ಕೌಂಟರಿನ ಮುಂದೆ ರಾಷ್ಟ್ರಗೀತೆಗೆ ನಿಂತಂತೆ ನಿಂತು ಕೇಳಿದ. ಮೊದಲು ಗಾಳಿ. ಆಮೇಲೆ ಕಾಗೆ. ಆಮೇಲೆ ಎಲ್ಲೋ ದೂರದಿಂದ, ಸತ್ತ ರಾಜನೊಬ್ಬ ಬಾವಿಯೊಳಗಿಂದ ಕರೆದ ಹಾಗೆ, ಮೂರು ಗುಡ್ಡದ ಪ್ರತಿಧ್ವನಿಯೊಂದಿಗೆ, ತನ್ನದೇ ದನಿ. ಅದರ ಬೆನ್ನಿಗೇ ಡಮರು ಹೊಡೆದಂತೆ ತಾಳ ಎದ್ದು ಐದು ಹುಡುಗಿಯರು ಹಾಡತೊಡಗಿದರು.

"ಇನ್ನೊಂದ್ಸಲ ಹಾಕಮ್ಮ," ಎಂದ. ಹಾಗೆ ಹತ್ತು ಸಲ ಹಾಕಿಸಿದ. ಹತ್ತು ಸಲವೂ ದನಿಯನ್ನು ಕೇಳಿದನೇ ಹೊರತು ಮಾತನ್ನು ಕೇಳಲಿಲ್ಲ. ಅಲ್ಲೇ ಇದ್ದದ್ದು ಎಡವಟ್ಟು.

ಅಂದಿನಿಂದ ಆತ ಏಪ್ರಿಲಿನ ಬಿಸಿಲಿಗೂ ಕುತ್ತಿಗೆಗೆ ಮಫ್ಲರ್ ಸುತ್ತಿ, ಗಂಟಲಿಗೆಂದು ಜೇನುನೀರು ಕುಡಿಯತೊಡಗಿದ. ಯಾರಾದರೂ "ಊಟ ಆಯ್ತಾ?" ಎಂದರೆ "ನಾನೂ ಯೊಲ್ಸೆ ಹುಡುಗೀರೂ ಸೇರಿ ಒಂದು ಹಾಡು ಮಾಡಿದೀವಿ" ಎಂದು ಉತ್ತರಿಸುತ್ತಿದ್ದ. ಯಾರದೋ ಮಗ ಪರೀಕ್ಷೆ ಪಾಸಾದರೆ, ಯಾರದೋ ಅಳಿಯನಿಗೆ ಬಡ್ತಿಯಾದರೆ ಊರ ಬಾಗಿಲಿಗೆ ಬ್ಯಾನರ್ ಕಟ್ಟುವುದು ಅಲ್ಲಿನ ರೂಢಿ. ಬ್ಯಾನರ್ ಬರೆಸುವ ಕೆಲಸ ಯಜಮಾನನದು. ಚಿಸೊಂಗ್ ಬರೆಸಿದ: "ಅಭಿನಂದನೆ! ನಮ್ಮೂರ ಮೇಂಗ್ ಚಿಸೊಂಗ್ ಅವರಿಂದ ಯೊಲ್ಸೆ ತಂಡದೊಂದಿಗೆ ಗಾಯನ. ಇಂತಿ, ಸಮಸ್ತ ಗ್ರಾಮಸ್ಥರು." ಸಮಸ್ತ ಗ್ರಾಮಸ್ಥರಿಗೆ ಇದು ತಿಳಿದದ್ದು ಬ್ಯಾನರ್ ಓದಿದ ಮೇಲೆ.

ಅಷ್ಟಕ್ಕೇ ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು. ಅಜ್ಜಿಯಂದಿರಿಗೂ ಕೇಳಿಸಬೇಕೆಂಬ ಆಸೆ. ಯೂರಿಯನ್ನು ಕರೆಸಿ, ಭವನದ ದೊಡ್ಡ ಟಿವಿಯಲ್ಲಿ ಹಾಡು ಹಾಕಿಸಿದ. ಅಜ್ಜಿಯರು ಇಸ್ಪೀಟಿನಂಥ ಹ್ವಾತು ಎಲೆ ಆಡುತ್ತಿದ್ದರು. ಗಾಳಿ ಬೀಸಿತು, ಕಾಗೆ ಕೂಗಿತು.

"ಬೊರ್ಯೊಂಗಮ್ಮನವರೇ… ನಿಮ್ಮ ಕರಿ ಮೇಕೆ…"

ಎಲೆ ಎಸೆಯಲು ಎತ್ತಿದ ಕೈಗಳು ಅಲ್ಲೇ ನಿಂತವು. ಹಾಡು ಮುಗಿಯಿತು. ಬೊರ್ಯೊಂಗಮ್ಮ ತನ್ನ ಎಲೆಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಬೋರಲು ಹಾಕಿ ಯೂರಿಯ ಕಡೆ ತಿರುಗಿದಳು.

"ಹಾಡು ಚೆನ್ನಾಗಿದೆ ಮಗಾ. ಎಷ್ಟು ಜನ ಕೇಳಿದಾರೆ?"

"ನಾಲ್ಕು ಕೋಟಿ ಅಜ್ಜಿ! ಎರಡೇ ವಾರಕ್ಕೆ!" ಎಂದಳು ಯೂರಿ, ಏನೂ ಅರಿಯದ ಸಂಭ್ರಮದಲ್ಲಿ.

"ನಾಲ್ಕು ಕೋಟಿ." ಆಕೆ ಬೆರಳು ಮಡಿಚಿ ಲೆಕ್ಕ ಹಾಕಿದಳು. "ದೇಜೊನ್‌ನಲ್ಲಿರೋ ನಮ್ಮ ಬೀಗರು ಅದ್ರಲ್ಲಿ ಇರ್ತಾರಾ?"

ಈ ಬೀಗರ ವಿಷಯ ಊರಿಗೆಲ್ಲ ಗೊತ್ತು. ಬೊರ್ಯೊಂಗಮ್ಮನ ಕಿರಿಮಗಳನ್ನು ತಂದುಕೊಂಡ ದಿನದಿಂದ "ಹಳ್ಳಿಯವರು, ಶಿಸ್ತಿಲ್ಲ" ಎಂದು ಮೂಗು ಮುರಿಯುತ್ತ ಬಂದವರು. ಗಂಡ ಸತ್ತ ಮೇಲೆ ಮೂವತ್ತು ವರ್ಷ ಒಬ್ಬಳೇ ದುಡಿದು, ಯಾರ ಹೊಲದ ಒಂದು ಎಲೆಯನ್ನೂ ಮುಟ್ಟದೆ ಬದುಕಿದ ಹೆಂಗಸು ಆಕೆ. ಅಂಥವಳ ಮೇಕೆ ಒಳಗೆ ನುಗ್ಗಿ ಎಲ್ಲವನ್ನೂ ಮೇಯಿತೆಂದು ಈಗ ಬೀಗರ ಮನೆಯಲ್ಲಿ ಹಾಡು ಹಾಕಿ ಕೇಳಬಹುದು. ಆ ಮುದುಕಿಯ ಕಣ್ಣಲ್ಲಿ ನೀರು ಆಡಿತು. ಚಿಸೊಂಗ್ ಅದನ್ನು ನೋಡಿದ, ನೋಡಿ ಟಿವಿಯ ಕಡೆ ತಿರುಗಿಕೊಂಡ.

"ಇದು ಬರೀ ಹಾಡಲ್ವಾ ಅಮ್ಮಾ…"

"ನಾಲ್ಕು ಕೋಟಿ ಜನಕ್ಕೆ ಹೇಳಿದ ಮಾತು. ವಾಪಸ್ ತಗೊಳ್ಳೋರೂ ನಾಲ್ಕು ಕೋಟಿ ಜನದ ಮುಂದೇನೇ ತಗೋಬೇಕಾಗತ್ತೇನೋ," ಎಂದಳು ಬೊರ್ಯೊಂಗಮ್ಮ. "ನಂಗೇನು ಗೊತ್ತು, ಹಳ್ಳಿಯವಳು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಹಳೇ ಕಾಲದ ಗಾದೆ. ಈಗಿನ ಕಾಲದಲ್ಲಿ ಆಡಿದ ಮಾತು ಹೋಗುವುದಿಲ್ಲ, ತಾಳ ಸೇರಿಕೊಂಡು ಮನೆಮನೆಗೆ ಬರುತ್ತದೆ.

ಮೇ ತಿಂಗಳಿಂದ ಜನ ಬರತೊಡಗಿದರು. ಆ ಗೇಮಿನಲ್ಲಿ ಏಳು ಬಾಗಿಲುಗಳಿವೆಯಂತೆ, ಏಳನೆಯದು ಯಾರಿಗೂ ತೆರೆದಿಲ್ಲವಂತೆ. "ಒಳಗೆ ನುಗ್ಗಿದೆ, ಎಲ್ಲವನ್ನೂ ತಿಂದು ಮುಗಿಸುತ್ತಿದೆ" ಎಂಬ ಮಾತಿನಲ್ಲೇ ಅದರ ಗುಟ್ಟಿದೆ ಎಂದು ಆಟಗಾರರು ತೀರ್ಮಾನಿಸಿದ್ದರು. ಕರಿ ಮೇಕೆ ಎಂದರೆ ಲೋಕವನ್ನು ನುಂಗುವ ಕತ್ತಲು, ಬೊರ್ಯೊಂಗಮ್ಮ ಎಂದರೆ ಅದನ್ನು ಕಟ್ಟಿಹಾಕಬಲ್ಲ ರಾಣಿ, ಆಕೆಯನ್ನು ಕರೆಯುವ ದನಿ ಕೋಟೆಯ ರಾಜನದು. ಆ ದನಿ ಸೊಟ್ಗೋಲ್ ಊರಿನದೆಂದು ಯೂರಿ ಎಲ್ಲೋ ಬಾಯಿಬಿಟ್ಟಿದ್ದಳು. ಬುಸಾನ್‌ನಿಂದ, ಗ್ವಾಂಗ್ಜುವಿನಿಂದ ತಲೆಗೆ ಮೇಕೆಕೊಂಬು ಕಟ್ಟಿಕೊಂಡು ಬಂದವರು ರಾಣಿಯ ಮನೆ ಎಲ್ಲಿ ಎಂದು ಕೇಳುತ್ತ ತಿರುಗುತ್ತಿದ್ದರು. ಆಕೆ ಬದನೆ ಸಸಿಗೆ ನೀರು ಹಾಕುತ್ತಿದ್ದರೆ ಗೇಟಿನಾಚೆ ನೆಲಕ್ಕೆ ಹಣೆ ತಾಗಿಸಿ ನಮಸ್ಕರಿಸಿ, ಒಬ್ಬೊಬ್ಬರೂ ಒಂದೊಂದು ಎಲೆಕೋಸು ಇಟ್ಟು ಹೋಗುತ್ತಿದ್ದರು. ಆ ಮೇಕೆ ನಿಜಕ್ಕೂ ಏನು ತಿಂದಿತು ಎಂಬುದನ್ನು ಯಾರೋ ಪತ್ತೆ ಹಚ್ಚಿದ್ದರು ಕಾಣುತ್ತದೆ.

"ನನ್ನ ಮೇಕೆ ತಿಂದದ್ದಕ್ಕೆ ಬುಸಾನ್‌ನವರು ದಂಡ ಕಟ್ಟಿ ಹೋಗ್ತಿದಾರೆ," ಎಂದಳು ಬೊರ್ಯೊಂಗಮ್ಮ ಪಕ್ಕದ ಮನೆಯವಳಿಗೆ. "ಕೈ ಮುಗಿದು ಬೇರೆ ಇಡ್ತಾರೆ. ಇದಕ್ಕಿಂತ ಉಗಿದಿದ್ರೆ ಚೆನ್ನಾಗಿತ್ತು."

ಆದರೆ ಎಲೆಕೋಸಿನ ತಪ್ಪೇನಿದೆ? ವಾರವಾರವೂ ಆಕೆ ಅವನ್ನೆಲ್ಲ ಉಪ್ಪಿಗೆ ಹಾಕಿ, ಮೆಣಸಿನಪುಡಿ ಮೆತ್ತಿ, ಕಿಮ್ಚಿ ಮಾಡಿ ಊರಿಗೆ ಹಂಚಿದಳು. ಮೂವತ್ತೆಂಟು ಮನೆಯಲ್ಲಿ ಆಕೆಯದೊಂದು ಬಿಟ್ಟರೆ ಮೂವತ್ತೇಳು. ಡಬ್ಬಿ ಹೋದದ್ದು ಮೂವತ್ತಾರು ಮನೆಗೆ.

ಹೋಬಳಿ ಅಧಿಕಾರಿ ಒಂದು ದಿನ ಕಾರಿನಲ್ಲಿ ಬಂದು ಗುಡ್ಡ ನೋಡಿ, ಜನ ನೋಡಿ, ನಾಲ್ಕು ಮೀಟರ್ ಎತ್ತರದ ಮೇಕೆಯ ಪ್ರತಿಮೆ ನಿಲ್ಲಿಸೋಣ ಎಂದ. "ಬೊರ್ಯೊಂಗಮ್ಮನ ಮೇಕೆ ಅಂತ ಕೆತ್ತಿಸೋಣ. ಅವ್ರ ಒಂದು ಸಹಿ ಇದ್ರೆ ಆಯ್ತು."

ಬೊರ್ಯೊಂಗಮ್ಮ ಕಾಗದವನ್ನು ಓದಿಸಿಕೊಂಡು ಕೇಳಿ, "ಕಲ್ಲಿನ ಮೇಕೆ ಆದ್ಮೇಲೆ ಅದನ್ನ ಕಟ್ಟಿಹಾಕೋಕೂ ಆಗಲ್ಲ" ಎಂದು ಹಾಗೇ ವಾಪಸ್ಸು ಕೊಟ್ಟಳು.

ಈ ಕಡೆ ಚಿಸೊಂಗ್‌ನ ಕೊಟ್ಟಿಗೆಯಲ್ಲಿ ಕೊಂಗಿ ಹೊರಗೆ ಮುಖ ಹಾಕಿ ಅರ್ಧ ವರ್ಷವಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಕೊಂಬಿನ ಟೋಪಿಯವರು ದಾರಿಯಲ್ಲಿ ಬಂದರೆ ಸಾಕು, ಚಿಸೊಂಗ್ ಓಡಿಹೋಗಿ ಕೊಟ್ಟಿಗೆಯ ಅಗುಳಿ ಮುಟ್ಟಿ ನೋಡುತ್ತಿದ್ದ.

"ಮೇಕೆ ಮಾಡಿದ ತಪ್ಪಿಗೆ ಮೇಕೆ ಜೈಲಲ್ಲಿ," ಎಂದಳು ಮ್ಯೊಂಗ್‌ಸುಕ್. "ನೀವು ಮಾಡಿದ ತಪ್ಪಿಗೆ ನೀವು ಬ್ಯಾನರಲ್ಲಿ."

"ಹೇಳಿಬಿಟ್ರೆ ಮೈಕು ಹೋಗತ್ತೆ ಕಣೇ."

"ನನ್ನ ಜತೆ ಮಾತಾಡೋಕೆ ಮೈಕು ಬೇಕಾಗಿಲ್ವಲ್ಲ. ಅಂಗಡಿ ಕಿಮ್ಚಿ ತಿಂದು ತಿಂದು ನನ್ನ ನಾಲಿಗೆ ಕೆಟ್ಟಿದೆ ರೀ."

ನವೆಂಬರು ಮತ್ತೆ ಬಂತು. ಜೊತೆಗೆ ಯೂ ಹ್ಯೊನ್ಸೊಪ್ ಬಂದ. ಗೇಮಿನ ಎರಡನೇ ಭಾಗಕ್ಕೆ ಯೊಲ್ಸೆ ಇನ್ನೊಂದು ಹಾಡು ಹಾಡಲಿದೆ. ಅದೇ ಮಂಜು, ಅದೇ ಗುಡ್ಡ, ಅದೇ ದನಿ ಬೇಕು. ಏನು ಹೇಳಿದರೂ ಸರಿ.

ಸುದ್ದಿ ಕೇಳಿ ಬೊರ್ಯೊಂಗಮ್ಮ ವರ್ಷದ ನಂತರ ಮೊದಲ ಸಲ ಊಟದ ಪಂಕ್ತಿಯಲ್ಲಿ ಚಿಸೊಂಗ್‌ನ ಕಡೆ ತಿರುಗಿ ಕೂತಳು. ತನ್ನ ಪಾಡಿಗೆ ಸೂಪು ಕುಡಿಯುತ್ತ ಹೇಳಿದಳು:

"ವಯಸ್ಸಾಯ್ತು, ಕುತ್ತಿಗೆ ಬಗ್ಗಲ್ಲ. ಈ ಡಿಸೆಂಬರಲ್ಲಿ ನಂಗೆ ಕಾಲುಚೀಲ ನೋಡ್ಕೊಳ್ಳೋಕಾಗತ್ತೋ ಇಲ್ವೋ."

ಮೂವತ್ತಾರು ಮನೆಯ ಹೊಟ್ಟೆಯಲ್ಲಿ ಆಕೆಯ ಕಿಮ್ಚಿ ಇದೆ. ಆಕೆ ಒಂದು ಸಲ ಕೈ ಎತ್ತಿದರೆ ಚಿಸೊಂಗ್‌ನ ಮೈಕು ಹೋದಂತೆಯೇ. ಬೀಗರ ಮುಂದೆ ಆಕೆಯ ಮಾನ ಹೋಗಿತ್ತು, ಈಗ ಈತನ ಸರದಿ. ಚಿಸೊಂಗ್‌ಗೆ ಆ ದಿನ ಸೂಪು ಇಳಿಯಲಿಲ್ಲ. ಮೈಕಿನ ಚಿಂತೆಯಷ್ಟೇ ಆಗಿದ್ದರೆ ಇಳಿಯುತ್ತಿತ್ತೋ ಏನೋ. ಟಿವಿಯ ಮುಂದೆ ಕಂಡ ಆ ಒದ್ದೆ ಕಣ್ಣು ಏಪ್ರಿಲಿನಿಂದ ಆತನ ಗಂಟಲಲ್ಲಿ ಮುಳ್ಳಿನಂತೆ ಕೂತಿತ್ತು. ಎಷ್ಟು ಜೇನುನೀರು ಕುಡಿದರೂ ಅದು ಹೋಗಿರಲಿಲ್ಲ.

ಮರುವಾರ ಮಂಜು ಬಿತ್ತು. ಯೂ ಹ್ಯೊನ್ಸೊಪ್ ಬೆಕ್ಕಿನ ಬಾಲದಂಥ ತುಪ್ಪಳದ ಮೈಕುಗಳನ್ನು ಗುಡ್ಡದ ಮೇಲೂ ಭವನದ ಹಿತ್ತಲಲ್ಲೂ ನಿಲ್ಲಿಸಿದ. ಕೊಂಬಿನ ಟೋಪಿಯ ಇನ್ನೂರು ಜನ ರಸ್ತೆಯುದ್ದಕ್ಕೂ ಸಾಲಾಗಿ ನಿಂತರು. ಹಿತ್ತಲಿನ ಮಡಿಯಲ್ಲಿ ಹೆಂಗಸರು ಎಲೆಕೋಸು ಕೀಳುತ್ತಿದ್ದರು, ಬೊರ್ಯೊಂಗಮ್ಮನೂ ಅಲ್ಲೇ. ಆರೂವರೆಗೆ ಚಿಸೊಂಗ್ ವಿರಹಗೀತೆ ಹಾಕಿದ. ಯಾಕೋ ಅಂದು ಕತ್ತರಿಸಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನಾಯಕಿ ರೈಲು ಹತ್ತಿ ಹೊರಟೇ ಹೋದಳು.

"ಆ… ಆ… ಸೊಟ್ಗೋಲ್ ನಿವಾಸಿಗಳ ಗಮನಕ್ಕೆ. ಜ್ವರದ ಸೂಜಿ ಗುರುವಾರ. ಗೊಬ್ಬರದ ಅರ್ಜಿಗೆ ಶುಕ್ರವಾರ ಕೊನೇ ದಿನ. ಹಳೇ ಬ್ಯಾಟರಿಗಳನ್ನ ಕಸದ ಜೊತೆ ಹಾಕ್ಬೇಡಿ." ಬ್ಯಾಟರಿಗಳು ಮೂರು ಗುಡ್ಡಗಳಿಂದ ವಾಪಸ್ಸು ಬಂದವು. "ಆಮೇಲೆ… ಹೋದ ವರ್ಷ ಎಲೆಕೋಸು ತಿಂದ ಮೇಕೆ… ಬೊರ್ಯೊಂಗಮ್ಮನದಲ್ಲ. ಆ ಮೇಕೆ ನಮ್ದು. ನಾನು ಮುಖ ನೋಡ್ದೇ ಹೇಳ್ಬಿಟ್ಟೆ. ಮುಖ ನೋಡಿದ್ಮೇಲೂ ಹೇಳ್ಲಿಲ್ಲ. ತಪ್ಪಾಯ್ತು ಅಮ್ಮಾ."

"ನಮ್ದು… ನಮ್ದು… ನಮ್ದು…" ಎಂದವು ಗುಡ್ಡಗಳು.

ರಸ್ತೆಯಲ್ಲಿದ್ದ ಇನ್ನೂರು ಜನರಲ್ಲಿ ಹಾಹಾಕಾರ ಎದ್ದಿತು. "ಕತ್ತಲ ಒಡೆಯ ಕೋಟೆಯ ರಾಜನೇ!" ಎಂದು ಒಬ್ಬ ಕೂಗಿದ. ಒಬ್ಬಳು ಅತ್ತಳು. ಹಲವರು ಅಲ್ಲೇ ಕೂತು ಫೋನಿನಲ್ಲಿ ಏಳನೇ ಬಾಗಿಲು ತಟ್ಟತೊಡಗಿದರು.

ಚಿಸೊಂಗ್ ತಲೆ ತಗ್ಗಿಸಿಕೊಂಡು ಹಿತ್ತಿಲಿಗೆ ಬಂದ. ಹೆಂಗಸರು ಕೈಗವಸು ಹಾಕಿಕೊಂಡು ಎಲೆಕೋಸು ಕೀಳುತ್ತಲೇ ಇದ್ದರು. ಯಾರೂ ಬೆಚ್ಚಿರಲಿಲ್ಲ, ಯಾರೂ ಬಾಯಿ ಮೇಲೆ ಕೈ ಇಟ್ಟಿರಲಿಲ್ಲ.

"ಕೇಳಿಸ್ತಾ?" ಎಂದ, ಅಳುಮೋರೆಯಲ್ಲಿ.

"ಸೂಜಿ ಗುರುವಾರ ಅಂದ್ರಲ್ಲಾ," ಎಂದಳು ಒಬ್ಬಳು.

"ಅದಲ್ಲ… ಮೇಕೆ…"

ಬೊರ್ಯೊಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದಳು. "ಗೊತ್ತಲ್ಲೋ, ಚಿಸೊಂಗಾ! ಮೊದ್ಲಿಂದ ಗೊತ್ತು! ಊರಲ್ಲಿರೋದು ಎರಡು ಕರಿ ಮೇಕೆ. ಒಂದು ನನ್ನ ಕೈಲಿತ್ತು. ಲೆಕ್ಕ ಮಾಡೋಕೆ ಕಾಲೇಜಿಗೆ ಹೋಗ್ಬೇಕಾ? ಇಡೀ ಊರಿಗೇ ಗೊತ್ತು. ನಿನ್ನ ಬಾಯಿಂದ ಬರ್ಲಿ ಅಂತ ಕಾದ್ವಿ. ಈ ಮೈಕಿಂದ ನಮ್ಮನೇಗೆ ನೂರು ಹೆಜ್ಜೆ. ಅಷ್ಟು ದೂರ ಬರೋಕೆ ಒಂದು ವರ್ಷ ಬೇಕಾಯ್ತಲ್ಲೋ!"

ಆ ಸೀಮೆಯಲ್ಲಿ ಬೆಂಕಿ ಬೀಳದೆ ಇಷ್ಟು ನೇರವಾದ ಮಾತು ಯಾರ ಬಾಯಿಂದಲೂ ಬಂದದ್ದಿಲ್ಲ. ಅದೂ ಮೂರು ಗುಡ್ಡಗಳಿಗೆ ಬಡಿದು ಬಂತು, ಮೈಕಿಲ್ಲದೆಯೇ. ಹಿತ್ತಲಿನ ಮೂಲೆಯಲ್ಲಿ ತುಪ್ಪಳದ ಮೈಕಿನ ಹಿಂದೆ ಕೂತಿದ್ದ ಯೂ ಹ್ಯೊನ್ಸೊಪ್ ಕಿವಿಯ ಮೇಲಿನ ಹೆಡ್‌ಫೋನಿಗೆ ಕೈಯೊತ್ತಿ ಕಣ್ಣು ಮುಚ್ಚಿಕೊಂಡ.

ಸಂಜೆಯೊಳಗೆ ಮೂವತ್ತೇಳನೇ ಡಬ್ಬಿ ಚಿಸೊಂಗ್‌ನ ಮನೆ ಸೇರಿತು. ಮ್ಯೊಂಗ್‌ಸುಕ್ ನಿಂತಲ್ಲೇ ಕೈಯಿಂದ ಒಂದು ಎಲೆ ಕಿತ್ತು ತಿಂದು, ಮೊದಲು ಕೊಂಗಿಯನ್ನು ಬಿಚ್ಚಿ ಬಿಟ್ಟಳು, ಆಮೇಲೆ ಗಂಡನಿಗೆ ಅನ್ನ ಬಡಿಸಿದಳು. ಡಿಸೆಂಬರಿನಲ್ಲಿ "ಬೇರೆ ಯಾರಾದ್ರೂ ಆಗ್ತೀರಾ?" ಎಂದು ಕೇಳಿದಾಗ ಬೊರ್ಯೊಂಗಮ್ಮನ ಕುತ್ತಿಗೆ ಹೇಗೋ ಬಗ್ಗಿತು. ಕಾಲುಚೀಲ ನೋಡುತ್ತಲೇ, "ಮುಖ ನೋಡಿ ಮಾತಾಡೋರು ಯಾರಾದ್ರೂ ಆಗ್ಲಿ" ಎಂದಳು. ಚಿಸೊಂಗ್ ಎದ್ದು ನಿಂತ. ಈ ಸಲ ಒತ್ತಾಯದ ವಿಷಯ ಎತ್ತಲಿಲ್ಲ.

ವಸಂತದಲ್ಲಿ ಎರಡನೇ ಹಾಡು ಬಂತು. ಚಿಸೊಂಗ್ ಮಫ್ಲರ್ ಸುತ್ತಿಕೊಂಡು ಭವನದ ಟಿವಿಯ ಮುಂದೆ ಎಲ್ಲರಿಗಿಂತ ಮೊದಲು ಕೂತ. ಗಾಳಿ ಬೀಸಿತು. ಕಾಗೆ ಕೂಗಿತು. ಆತ ಗಂಟಲು ಸರಿಮಾಡಿಕೊಂಡ, ಟಿವಿಯಲ್ಲಿರುವುದು ತಾನೇ ಎಂಬಂತೆ.

"ಗೊತ್ತಲ್ಲೋ… ಮೊದ್ಲಿಂದ ಗೊತ್ತು… ನಿನ್ನ ಬಾಯಿಂದ ಬರ್ಲಿ ಅಂತ ಕಾದ್ವಿ…"

ಡಮರು ಎದ್ದಿತು. ಐದು ಹುಡುಗಿಯರು ಹಾಡಿದರು. ಹಾಡು ಮುಗಿಯಿತು. ಚಿಸೊಂಗ್‌ನ ದನಿ ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಸಣ್ಣಗೆ ಒಂದು "ತಪ್ಪಾಯ್ತು ಅಮ್ಮಾ" ಕೇಳಿಸಿತೆಂದು ಯೂರಿ ಸಮಾಧಾನ ಹೇಳಿದಳು, ಆದರೆ ಅದು ಗಾಳಿಯೂ ಇರಬಹುದು.

ಯಜಮಾನನ ಕೆಲಸ ಯಜಮಾನನೇ ಮಾಡಬೇಕು. ಮಫ್ಲರ್ ಬಿಚ್ಚಿಟ್ಟು, ಬ್ಯಾನರಿನ ಅಂಗಡಿಗೆ ಫೋನು ಮಾಡಿ, ಬಾಯಲ್ಲೇ ಬರೆಸಿದ: "ಅಭಿನಂದನೆ! ನಮ್ಮೂರ ಬೊರ್ಯೊಂಗಮ್ಮನವರಿಂದ ಯೊಲ್ಸೆ ತಂಡದೊಂದಿಗೆ ಗಾಯನ. ಇಂತಿ, ಸಮಸ್ತ ಗ್ರಾಮಸ್ಥರು." ಈ ಸಲ ಸಮಸ್ತ ಗ್ರಾಮಸ್ಥರನ್ನು ಕೇಳಿಯೇ ಬರೆಸಿದ.

ಬೊರ್ಯೊಂಗಮ್ಮ ಹ್ವಾತು ಎಲೆಗಳನ್ನು ಕೈಯಲ್ಲೇ ಹಿಡಿದುಕೊಂಡು ಟಿವಿಯ ಕಡೆ ನೋಡುತ್ತಿದ್ದಳು.

"ಎಷ್ಟು ಜನ ಕೇಳಿದಾರಂತೆ?"

"ಈಗಷ್ಟೇ ಬಂದಿದೆ ಅಮ್ಮಾ. ಹೋದ ಸಲದಷ್ಟೇ ಆಗ್ಬಹುದು. ನಾಲ್ಕು ಕೋಟಿ."

"ನಾಲ್ಕು ಕೋಟಿ." ಆಕೆ ತಲೆಗೂದಲನ್ನು ಕೈಯಿಂದ ಸರಿಮಾಡಿಕೊಂಡಳು. "ನಮ್ಮ ಬೀಗರು ಅದ್ರಲ್ಲಿ ಇರ್ತಾರಾ?"

"ಇರ್ತಾರೆ ಅಮ್ಮಾ," ಎಂದ ಚಿಸೊಂಗ್, ಆಕೆಯ ಮುಖ ನೋಡಿ.

"ಇನ್ನೊಂದ್ಸಲ ಹಾಕು."